ಜಿಎಕ್ಸ್35 ಎಂಜಿನ್ನಿನ ಹುಲ್ಲು ಕತ್ತರಿಸುವ ಮಿಷನ್: ಎರೆಗೆ ಒಂದು ಲೆಕ್ಕ, ಮಸಾರಿಗೆ ಇನ್ನೊಂದು

ರೋಹಿಣಿ ಮಳೆ ಎರಡು ಸಲ ಹದವಾಗಿ ಬಿದ್ದರೆ ಸಾಕು, ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲೂ ಹೊಸದುರ್ಗ ಕಡೆಯ ತೆಂಗಿನ ತೋಟದಲ್ಲೂ ಹುಲ್ಲು ಮೊಣಕಾಲು ಮುಟ್ಟುತ್ತದೆ. ವಾರವೆಲ್ಲ ಪೇಟೆಯಲ್ಲಿ ಕೆಲಸ ಮಾಡಿ ಭಾನುವಾರ ತೋಟಕ್ಕೆ ಹೋಗುವವರು ಸೇರಿದಲ್ಲಿ ಆಗ ಒಂದೇ ಮಾತು. ಆಳು ಸಿಗುತ್ತಿಲ್ಲ, ಯಾವ ಮಿಷನ್ ತಗೋಬೇಕು, 35 ಸಿಸಿ ಸಾಕಾ, 52 ಸಿಸಿ ಬೇಕಾ? ಈ ವಿಮರ್ಶೆ ಆ ಪ್ರಶ್ನೆಗೆ. ಹೋಂಡಾದ ಜಿಎಕ್ಸ್35 ಎಂಜಿನ್ ಕೂರಿಸಿದ, ಹೆಗಲಿಗೆ ಪಟ್ಟಿ ಹಾಕಿ ಪಕ್ಕಕ್ಕೆ ತೂಗುಹಾಕಿಕೊಳ್ಳುವ ಬ್ರಷ್ ಕಟರನ್ನು ಮುಂದಿಟ್ಟುಕೊಂಡು ಹೇಳುತ್ತೇವೆ. ಅರ್ಧ ಎಕರೆಯಿಂದ ಎರಡು ಎಕರೆವರೆಗಿನ ಅಡಿಕೆ, ತೆಂಗು, ಮಾವು, ಬಾಳೆ ಮಿಶ್ರ ತೋಟಕ್ಕೆ ಇದು ಸರಿಯಾದ ಅಳತೆಯ ಮಿಷನ್. ಆದರೆ ಎಷ್ಟು ಸಿಸಿ ಎನ್ನುವುದಕ್ಕಿಂತ ಕೊಳವೆಯ ತುದಿಗೆ ಏನು ಕಟ್ಟುತ್ತೀರಿ ಎನ್ನುವುದರ ಮೇಲೆ ಕೆಲಸ ನಿಂತಿದೆ. ದಾವಣಗೆರೆಯ ಎರೆ ಭೂಮಿಗೆ, ಅಂದರೆ ಕಪ್ಪು ಮಣ್ಣಿಗೆ, ಕಟ್ಟಿದ್ದನ್ನೇ ಹಿರಿಯೂರಿನ ಕಲ್ಲು ಮಸಾರಿಗೆ, ಅಂದರೆ ಕಲ್ಲು ಬೆರೆತ ಕೆಂಪು ಮಣ್ಣಿಗೆ, ಕಟ್ಟಿದರೆ ಒಂದೇ ದಿನದಲ್ಲಿ ಬ್ಲೇಡು ಹಾಳಾಗುತ್ತದೆ, ಕಲ್ಲು ಸಿಡಿದು ಕಾಲಿಗೂ ಬೀಳುತ್ತದೆ.

ಮೊದಲು ಎಂಜಿನ್. 35.8 ಸಿಸಿ, ಫೋರ್ ಸ್ಟ್ರೋಕ್, ನಿಮಿಷಕ್ಕೆ 7000 ಸುತ್ತಿನಲ್ಲಿ ಒಂದು ಕಿಲೋವ್ಯಾಟ್, ಅಂದರೆ ಸುಮಾರು 1.3 ಅಶ್ವಶಕ್ತಿ. ಪೆಟ್ರೋಲ್ ಟ್ಯಾಂಕ್ 0.63 ಲೀಟರ್. ಪೂರ್ತಿ ಆಕ್ಸಿಲರೇಟರ್ ಒತ್ತಿ ಓಡಿಸಿದರೆ ಗಂಟೆಗೆ 0.7 ಲೀಟರ್ ಆಸುಪಾಸು ಕುಡಿಯುತ್ತದೆ, ಹಾಗಾಗಿ ಒಂದು ಟ್ಯಾಂಕಿಗೆ ಐವತ್ತು ನಿಮಿಷದ ಕೆಲಸ. ಇದನ್ನು ಕೊರತೆ ಎನ್ನುವುದಕ್ಕಿಂತ ಅನುಕೂಲ ಎನ್ನಬೇಕು. ಟ್ಯಾಂಕ್ ಖಾಲಿಯಾದಾಗ ಎಂಜಿನ್ ಆರಲಿ, ಕೈ ನಡುಕ ಇಳಿಯಲಿ, ನಟ್ಟು-ಬೋಲ್ಟು ಒಮ್ಮೆ ಮುಟ್ಟಿ ನೋಡಿ, ನೀರು ಕುಡಿದು ಮತ್ತೆ ಹಿಡಿಯಿರಿ. ಬಿಡುವಿಲ್ಲದೆ ಎರಡು ಗಂಟೆ ಹೊಡೆದವರಿಗೆ ಬೆರಳು ಜೋಮು ಹಿಡಿಯುವುದು ಮಿಷನ್ನಿನ ಅಲುಗಾಟದಿಂದಲೇ. ಅರ್ಧ ಗಂಟೆಗೊಮ್ಮೆ ನಿಲ್ಲಿಸುವುದು ಒಳ್ಳೆಯದು.

ಫೋರ್ ಸ್ಟ್ರೋಕಿನ ದೊಡ್ಡ ಲಾಭ ಎಂದರೆ ಪೆಟ್ರೋಲಿಗೆ ಎಣ್ಣೆ ಬೆರೆಸುವ ರಗಳೆ ಇಲ್ಲ. ಸ್ಕೂಟರಿಗೆ ಹಾಕುವ ಪೆಟ್ರೋಲನ್ನೇ ಹಾಕಬಹುದು. ಹೊಗೆ ಕಡಿಮೆ, ಸದ್ದೂ ಸ್ವಲ್ಪ ಕಡಿಮೆ. ಅದರ ಎಣ್ಣೆಗುಂಡಿ ಬೇರೆ ಇದೆ, ಅದಕ್ಕೆ ಹಿಡಿಯುವುದು ಬರೀ 100 ಮಿಲಿ 10ಡಬ್ಲ್ಯು-30 ಎಣ್ಣೆ. ಇಷ್ಟು ಕಡಿಮೆ ಎಣ್ಣೆ ಎನ್ನುವುದೇ ಇಲ್ಲಿ ಎಚ್ಚರದ ಮಾತು. ಇಪ್ಪತ್ತು-ಮೂವತ್ತು ಮಿಲಿ ಇಳಿದರೂ ಸುಮಾರು ಕಾಲು ಭಾಗ ಹೋದಂತೆ. ಪ್ರತಿ ಸಲ ಹಗ್ಗ ಎಳೆಯುವ ಮುಂಚೆ ಎಂಜಿನ್ನನ್ನು ಸಮತಟ್ಟಾಗಿ ಇಟ್ಟು ಮುಚ್ಚಳ ತೆಗೆದು ಎಣ್ಣೆ ಬಾಯಿಯ ಅಂಚಿನವರೆಗೆ ಇದೆಯೇ ನೋಡಿ. ಹೆಚ್ಚು ಸುರಿದರೆ ಎಣ್ಣೆ ಉಸಿರುಕೊಳವೆಯ ಮೂಲಕ ಏರ್ ಫಿಲ್ಟರಿಗೆ ಏರಿ ಬಿಳಿ ಹೊಗೆ ಬರುತ್ತದೆ. ಗಾಬರಿಯಾಗಿ ಮೆಕ್ಯಾನಿಕ್ ಹತ್ತಿರ ಓಡುವವರಲ್ಲಿ ಅನೇಕರಿಗೆ ಬೇಕಾದದ್ದು ಹೆಚ್ಚಿನ ಎಣ್ಣೆ ಚೆಲ್ಲಿ ಫಿಲ್ಟರ್ ತೊಳೆಯುವುದಷ್ಟೇ. ಹೊಸ ಮಿಷನ್ನಿಗೆ ಮೊದಲ ಹತ್ತು ಗಂಟೆಗೆ ಎಣ್ಣೆ ಬದಲಿಸಿ, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ. ಎಂಜಿನ್ ಬೆಚ್ಚಗಿರುವಾಗ ಓರೆ ಮಾಡಿ ಅದೇ ಬಾಯಿಂದ ಹಳೇ ಎಣ್ಣೆ ಸುರಿಯಬೇಕು. ಒಂದು ಲೀಟರ್ ಡಬ್ಬ ತಂದರೆ ಹತ್ತು ಸಲಕ್ಕೆ ಆಗುತ್ತದೆ.

ಮನೆಯಲ್ಲಿ ಹಳೆಯ ಟೂ ಸ್ಟ್ರೋಕ್ ಸ್ಪ್ರೇಯರೋ ಗರಗಸವೋ ಇದ್ದರೆ ಪೆಟ್ರೋಲ್ ಕ್ಯಾನು ಬೇರೆ ಬೇರೆ ಇಟ್ಟು ಮೇಲೆ ಬಣ್ಣದಲ್ಲಿ ಬರೆಯಿರಿ. ಎಣ್ಣೆ ಬೆರೆಸಿದ ಪೆಟ್ರೋಲ್ ಇದಕ್ಕೆ ಬಿದ್ದರೆ ಹೊಗೆ, ಪ್ಲಗ್ಗಿಗೆ ಮಸಿ, ಅಷ್ಟಕ್ಕೇ ಮುಗಿಯುತ್ತದೆ. ಬೆರೆಸದ ಪೆಟ್ರೋಲ್ ಟೂ ಸ್ಟ್ರೋಕಿಗೆ ಬಿದ್ದರೆ ಮಾತ್ರ ಪಿಸ್ಟನ್ ಜಾಮ್ ಆಗಿ ಆ ಎಂಜಿನ್ನಿನ ಕಥೆಯೇ ಮುಗಿಯುತ್ತದೆ. ಅಪ್ಪ ಒಂದು ತುಂಬಿಸಿದರು, ಮಗ ಇನ್ನೊಂದಕ್ಕೆ ಸುರಿದ ಎನ್ನುವ ಮನೆಗಳಲ್ಲೇ ಇದು ಆಗುವುದು.

ಇನ್ನು ತೂಕ. ಇಡೀ ಮಿಷನ್ ಏಳರಿಂದ ಏಳೂವರೆ ಕಿಲೋ. ಬೆನ್ನಿಗೆ ಹೊರುವ ಬ್ಯಾಕ್‌ಪ್ಯಾಕ್ ಮಾದರಿಯಲ್ಲಿ ಎಂಜಿನ್ ಭಾರ ಬೆನ್ನ ಮೇಲೆ ಬೀಳುವುದರಿಂದ ಕೈಗೆ ಹಗುರ ಅನ್ನಿಸುತ್ತದೆ. ಬದು, ಕಾಲುವೆ ಏರಿ, ಇಳಿಜಾರಿಗೆ ಅದೇ ವಾಸಿ. ಆದರೆ ಎಂಜಿನ್ನಿನಿಂದ ಕೊಳವೆಗೆ ಶಕ್ತಿ ಒಯ್ಯುವ ಬಾಗುವ ತಂತಿ ಅದರ ದುರ್ಬಲ ಜಾಗ. ಚೂಪಾಗಿ ಮಡಚಿ ಹಿಡಿದು ಓಡಿಸಿದರೆ ಒಳಗಿನ ತಂತಿ ಬಿಸಿಯಾಗಿ ತುಂಡಾಗುತ್ತದೆ. ಜೊತೆಗೆ ಎಂಜಿನ್ ಹೊತ್ತಿ ಉರಿದರೂ ಹಾವು ಕಂಡರೂ ಬೆನ್ನಿಂದ ಕಳಚಿ ಎಸೆಯುವುದು ತಡ. ಪಕ್ಕಕ್ಕೆ ತೂಗುವ ಮಾದರಿಯಲ್ಲಿ ಒಂದು ಕೊಂಡಿ ಎಳೆದರೆ ಮಿಷನ್ ಕೆಳಗೆ. ಸಮತಟ್ಟಾದ ಭದ್ರಾ ಕಾಲುವೆ ಕೆಳಗಿನ ತೋಟಗಳಿಗೆ ನಮ್ಮ ಮತ ಪಕ್ಕಕ್ಕೆ ತೂಗುವುದಕ್ಕೇ.

ಒಂದೇ ಮಿಷನ್ನನ್ನು ಮನೆಯಲ್ಲಿ ಇಬ್ಬರು ಬಳಸುವುದಾದರೆ ಪಟ್ಟಿಯ ಅಳತೆ ಪ್ರತಿ ಸಲ ಬದಲಿಸಿಕೊಳ್ಳಬೇಕು. ಕೊಕ್ಕೆ ಸೊಂಟದ ಮೂಳೆಗಿಂತ ಒಂದು ಅಂಗೈ ಅಗಲದಷ್ಟು ಕೆಳಗೆ ಬರಲಿ. ಕೈ ಬಿಟ್ಟಾಗ ಬ್ಲೇಡು ನೆಲಕ್ಕೆ ಸಮನಾಗಿ, ನೆಲ ಮುಟ್ಟೀತು ಮುಟ್ಟದು ಎನ್ನುವಂತೆ ತೂಗಬೇಕು. ತುದಿ ನೆಲಕ್ಕೆ ಬಿದ್ದರೆ ಕೊಕ್ಕೆಯನ್ನು ಕೊಳವೆಯ ಮೇಲೆ ಮುಂದಕ್ಕೆ ಸರಿಸಿ, ಆಕಾಶ ನೋಡಿದರೆ ಹಿಂದಕ್ಕೆ. ಇಷ್ಟು ಹೊಂದಿಸಿಕೊಳ್ಳದೆ "ಭಾರ, ಬೆನ್ನು ನೋವು" ಎಂದು ಮಿಷನ್ ಮೂಲೆಗಿಟ್ಟವರು ಬಹಳ. ವಯಸ್ಸಾದವರು ಬಳಸುವ ಮನೆಯಾದರೆ ಅಂಗಡಿಯಲ್ಲೇ ಅವರ ಕೈಯಿಂದ ಹಗ್ಗ ಎಳೆಸಿ ನೋಡಿ. 35 ಸಿಸಿಯ ಹಗ್ಗ ಅರವತ್ತು ದಾಟಿದವರಿಗೂ ಎಳೆಯಲು ಬರುತ್ತದೆ, 52 ಸಿಸಿಯ ಟೂ ಸ್ಟ್ರೋಕ್ ಭುಜ ಹಿಡಿಸುತ್ತದೆ.

ಈಗ ತುದಿಯ ವಿಷಯ. ಇಲ್ಲೇ ಹೆಚ್ಚು ಹೊತ್ತು ನಿಲ್ಲಬೇಕು.

ಸಾಮಾನ್ಯವಾಗಿ ಮೂರು ಬಗೆ. ನೈಲಾನ್ ದಾರದ ತಲೆ, ಮೂರು ಹಲ್ಲಿನ ಕಬ್ಬಿಣದ ಬ್ಲೇಡು, ಮತ್ತು 80 ಹಲ್ಲಿನ ದುಂಡು ಬ್ಲೇಡು. ಎರೆ ಭೂಮಿಯಲ್ಲಿ, ಚನ್ನಗಿರಿ, ಹೊನ್ನಾಳಿ, ಹರಿಹರದ ಕಡೆ, ಕಲ್ಲಿಲ್ಲದ ತೋಟದಲ್ಲಿ ಮೂರು ಹಲ್ಲಿನ ಬ್ಲೇಡು ಚೆನ್ನಾಗಿ ಕೆಲಸ ಮಾಡುತ್ತದೆ. ಒತ್ತಾಗಿ ಬೆಳೆದ ಹುಲ್ಲು, ಎಳೆ ಕಾಂಗ್ರೆಸ್ ಗಿಡ, ಉತ್ತರಾಣಿ ಎಲ್ಲ ಮಲಗಿಸಿಕೊಂಡು ಹೋಗುತ್ತದೆ, ಎಂಜಿನ್ನಿಗೂ ಹೊರೆಯಿಲ್ಲ. 80 ಹಲ್ಲಿನದು ಮೆಕ್ಕೆಜೋಳದ ದಂಟು, ನೇಪಿಯರ್ ಹುಲ್ಲು, ಬೆರಳು ದಪ್ಪದ ಲಂಟಾನ ಕಡ್ಡಿಗೆ. ಅದನ್ನು ಬರೀ ಎಳೆ ಹುಲ್ಲಿಗೆ ಕಟ್ಟಿದರೆ ಹುಲ್ಲು ಸುತ್ತಿಕೊಳ್ಳುತ್ತದೆ. ದಾವಣಗೆರೆ, ಜಗಳೂರು ಕಡೆ ಮೆಕ್ಕೆಜೋಳ ಮುರಿದ ಮೇಲೆ ದಂಟು ಕೊಯ್ಯಲು ಇದಕ್ಕಿಂತ ಒಳ್ಳೆಯದಿಲ್ಲ.

ಮಸಾರಿಯಲ್ಲಿ ಲೆಕ್ಕ ಬೇರೆ. ಹಿರಿಯೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಣ್ಣಿನ ಮೇಲೇ ಕಲ್ಲು ಹರಡಿರುತ್ತದೆ. ಅಲ್ಲಿ ಕಬ್ಬಿಣದ ಬ್ಲೇಡು ಕಟ್ಟಿ ನೆಲಕ್ಕೆ ಹತ್ತಿಸಿ ಹೊಡೆದರೆ ಕಲ್ಲು ಗುಂಡಿನಂತೆ ಹಾರುತ್ತದೆ, ಹಲ್ಲು ಮುರಿಯುತ್ತದೆ, ಬೇಸಿಗೆಯ ಒಣಹುಲ್ಲಿಗೆ ಕಿಡಿಯೂ ಬೀಳಬಹುದು. ಅಲ್ಲಿ ನೈಲಾನ್ ದಾರವೇ ಸರಿ. ಕಲ್ಲಿಗೆ ತಾಗಿದರೆ ದಾರ ಸವೆಯುತ್ತದೆ, ಅಷ್ಟೇ. ಆದರೆ ದಾರವೂ ಸಣ್ಣ ಕಲ್ಲನ್ನು ಎಸೆಯುತ್ತದೆ, ಕನ್ನಡಕ ತೆಗೆದಿಡುವಂತಿಲ್ಲ. 80 ಹಲ್ಲಿನ ಬ್ಲೇಡಿನ ತುದಿಗೆ ಕಾರ್ಬೈಡ್ ಬೆಸೆದಿದ್ದರಂತೂ ಕಲ್ಲಿನ ನೆಲಕ್ಕೆ ಒಯ್ಯಲೇಬೇಡಿ, ತುಣುಕು ಕಳಚಿ ಹಾರುವುದು ಕಣ್ಣಿಗೇ ಕಾಣುವುದಿಲ್ಲ.

ದಾರದ ಬಗ್ಗೆ ಅಂಗಡಿಯವರು ಹೇಳದ ಕೆಲವು ಸಂಗತಿ. 35 ಸಿಸಿಗೆ 2.4 ಮಿಲಿಮೀಟರ್ ದಾರ ಹದ, 3 ಮಿಲಿಮೀಟರಿನದೂ ನಡೆಯುತ್ತದೆ, ಅದಕ್ಕಿಂತ ದಪ್ಪ ಬೇಡ. ದುಂಡು ದಾರ ನಿಧಾನ ಸವೆಯುತ್ತದೆ, ಚೌಕದ್ದು ಚುರುಕಾಗಿ ಕತ್ತರಿಸುತ್ತದೆ ಆದರೆ ಬೇಗ ಮುಗಿಯುತ್ತದೆ. ಒಣಗಿದ ದಾರ ಪಟಪಟನೆ ಮುರಿಯುತ್ತದೆ. ನೈಲಾನ್ ನೀರು ಹೀರುವ ವಸ್ತು, ಹಾಗಾಗಿ ಹಿಂದಿನ ರಾತ್ರಿ ಬಕೆಟ್ ನೀರಿನಲ್ಲಿ ಅದ್ದಿಟ್ಟರೆ ಬಾಗುವ ಗುಣ ಮರಳುತ್ತದೆ. ಬಿಸಿಲಿಗೆ ಇಟ್ಟ ಸುರುಳಿ ಕೊಳ್ಳಬೇಡಿ. ತಲೆಯ ಮೇಲೆ ಬಾಣದ ಗುರುತಿರುತ್ತದೆ, ಆ ದಿಕ್ಕಿಗೇ ಬಿಗಿಯಾಗಿ, ಒಂದರ ಮೇಲೊಂದು ಹಾಯದಂತೆ ಸುತ್ತಬೇಕು. ಹೆಚ್ಚು ಸುತ್ತಿ ತುರುಕಿದರೆ ಬಿಸಿಗೆ ಒಳಗೇ ಕರಗಿ ಅಂಟಿಕೊಳ್ಳುತ್ತದೆ, ಆಮೇಲೆ ನೆಲಕ್ಕೆ ಎಷ್ಟು ತಟ್ಟಿದರೂ ದಾರ ಬರುವುದಿಲ್ಲ.

ತಟ್ಟುವುದೆಂದರೆ ಜಜ್ಜುವುದಲ್ಲ. ಎಂಜಿನ್ ವೇಗದಲ್ಲಿದ್ದಾಗ ತಲೆಯನ್ನು ಮೆತ್ತಗೆ ನೆಲಕ್ಕೆ ಮುಟ್ಟಿಸಿದರೆ ಸಾಕು. ಹೊರಗೆ ಬಂದ ಹೆಚ್ಚುವರಿ ದಾರವನ್ನು ಗಾರ್ಡಿನ, ಅಂದರೆ ತಲೆಯ ಮೇಲಿನ ರಕ್ಷಣೆಯ ಮುಚ್ಚಳದ, ಅಂಚಿನಲ್ಲಿರುವ ಸಣ್ಣ ಕತ್ತಿ ತಾನೇ ಕತ್ತರಿಸುತ್ತದೆ. ನಮ್ಮ ಕಡೆ ಹುಲ್ಲು ಸಿಕ್ಕಿಕೊಳ್ಳುತ್ತದೆಂದು ಮೊದಲು ಬಿಚ್ಚಿ ಎಸೆಯುವುದೇ ಆ ಗಾರ್ಡನ್ನು. ಆಗ ದಾರ ಬೇಕಾದ್ದಕ್ಕಿಂತ ಉದ್ದ ಬಿಟ್ಟು ಓಡುತ್ತದೆ, ಎಂಜಿನ್ ಸುತ್ತು ಏರದೆ ಒದ್ದಾಡುತ್ತದೆ, ಕ್ಲಚ್ ಜಾರಿ ಬಿಸಿಯಾಗುತ್ತದೆ, ಪೆಟ್ರೋಲ್ ಹೆಚ್ಚು ಹೋಗುತ್ತದೆ. "35 ಸಿಸಿಗೆ ತಾಕತ್ತಿಲ್ಲ" ಎನ್ನುವ ದೂರಿನ ಅರ್ಧ ಪಾಲಿಗೆ ಕಾರಣ ಗಾರ್ಡ್ ಬಿಚ್ಚಿದ್ದು ಎಂದೇ ನಮ್ಮ ಅಂದಾಜು. ಹುಲ್ಲು ಸಿಕ್ಕಿದರೆ ಎಂಜಿನ್ ನಿಲ್ಲಿಸಿ ತೆಗೆಯಿರಿ, ಗಾರ್ಡ್ ಇರಲಿ.

ಬ್ಲೇಡು ಬಿಚ್ಚುವಾಗ ಮರೆಯಬಾರದ್ದು: ಅದರ ನಟ್ಟು ಎಡಗೈ ಥ್ರೆಡ್ಡಿನದು. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಗೇರ್ ಬಾಕ್ಸಿನ ಪಕ್ಕದ ತೂತಿಗೆ ಕಂಬಿ ತೂರಿಸಿ ತಿರುಗದಂತೆ ಹಿಡಿದು ಸ್ಪ್ಯಾನರ್ ಹಾಕಬೇಕು. ಇದು ಗೊತ್ತಿಲ್ಲದೆ ಇನ್ನೂ ಬಿಗಿ ಮಾಡಿ ಥ್ರೆಡ್ ಕಿತ್ತುಕೊಂಡ ಮಿಷನ್‌ಗಳು ಪ್ರತಿ ರಿಪೇರಿ ಅಂಗಡಿಯಲ್ಲೂ ಒಂದೆರಡು ಇರುತ್ತವೆ. ಬ್ಲೇಡಿನ ಹಲ್ಲಿನ ಬುಡದಲ್ಲಿ ಕೂದಲಿನಷ್ಟು ಸೀಳು ಕಂಡರೂ ಬಿಸಾಡಿ, ವೆಲ್ಡಿಂಗ್ ಮಾಡಿಸಬೇಡಿ. ಮೂರು ಹಲ್ಲನ್ನೂ ಅರದಿಂದ ಸಮನಾಗಿ ಮಸೆಯಬೇಕು. ಸಮನಾಗಿದೆಯೇ ನೋಡಲು ನಡುವಿನ ತೂತನ್ನು ಸ್ಕ್ರೂಡ್ರೈವರ್ ಮೇಲೆ ತೂಗಿಬಿಡಿ, ತಿರುಗಿಸಿದಾಗ ಪ್ರತಿ ಸಲ ಒಂದೇ ಹಲ್ಲು ಕೆಳಗೆ ಬಂದು ನಿಂತರೆ ಅದು ಭಾರ, ಅದನ್ನು ಇನ್ನಷ್ಟು ಅರ ಹಾಕಿ. ತೂಕ ತಪ್ಪಿದ ಬ್ಲೇಡು ಮೊದಲು ಕೈಗೆ ನಡುಕ ಕೊಡುತ್ತದೆ, ಆಮೇಲೆ ಗೇರ್ ಬಾಕ್ಸಿನ ಬೇರಿಂಗ್ ತಿನ್ನುತ್ತದೆ.

ಬೀಸುವ ಕ್ರಮಕ್ಕೂ ಅರ್ಥವಿದೆ. ಮೇಲಿನಿಂದ ನೋಡಿದರೆ ಬ್ಲೇಡು ಗಡಿಯಾರಕ್ಕೆ ಎದುರಾಗಿ ತಿರುಗುತ್ತದೆ. ಬಲದಿಂದ ಎಡಕ್ಕೆ ಬೀಸುವಾಗ ಕತ್ತರಿಸಿ, ಎಡದಿಂದ ಬಲಕ್ಕೆ ಬರುವಾಗ ಸುಮ್ಮನೆ ತನ್ನಿ. ಕತ್ತರಿಸಿದ ಹುಲ್ಲು ಎಡಕ್ಕೆ ಸಾಲಾಗಿ ಬೀಳುತ್ತದೆ, ಮುಂದಿನ ಹೆಜ್ಜೆಗೆ ನೆಲ ಕಾಣುತ್ತದೆ. ಬ್ಲೇಡಿನ ಮುಂದಿನ ಬಲಭಾಗ, ಗಡಿಯಾರದ ಹನ್ನೆರಡರಿಂದ ಮೂರರ ನಡುವಿನ ಜಾಗ, ಗಟ್ಟಿ ಕಡ್ಡಿಗೋ ಕಲ್ಲಿಗೋ ತಾಗಿದರೆ ಮಿಷನ್ ಪಕ್ಕಕ್ಕೆ ಜೋರಾಗಿ ಒದೆಯುತ್ತದೆ. ಎಡಭಾಗದಲ್ಲೇ ಕತ್ತರಿಸುವ ರೂಢಿ ಮಾಡಿಕೊಳ್ಳಿ. ಒಂಬತ್ತು ಅಡಿ ಅಂತರದ ಅಡಿಕೆ ಸಾಲಿನಲ್ಲಿ ಹೋಗುವಾಗ ಒಂದು, ಬರುವಾಗ ಒಂದು, ಎರಡು ಪಟ್ಟಿಗೆ ಸಾಲು ಮುಗಿಯುತ್ತದೆ. ಸುತ್ತ 15 ಮೀಟರ್ ಒಳಗೆ ಯಾರೂ ಇರಕೂಡದು. ಭಾನುವಾರ ತೋಟಕ್ಕೆ ಮಕ್ಕಳೂ ಬರುತ್ತಾರೆ, ಊಟದ ಬುತ್ತಿ ಬಿಚ್ಚುವ ಜಾಗವನ್ನು ಮನೆಯವರಿಗೆ ತೋಟದ ಇನ್ನೊಂದು ಮೂಲೆಯಲ್ಲಿ ತೋರಿಸಿ, ಮಿಷನ್ ಓಡುವಾಗ ಹಿಂದಿನಿಂದ ಬಂದು ಬೆನ್ನು ಮುಟ್ಟಬಾರದು ಎಂದು ಮೊದಲೇ ಹೇಳಿ. ಗಂಬೂಟು, ತುಂಬು ಪ್ಯಾಂಟು, ಮುಖಕ್ಕೆ ಜಾಲರಿ, ಕಿವಿಗೆ ಮುಚ್ಚಿಗೆ. ಮಂಡಲದ ಹಾವು ಹುಲ್ಲಿನಡಿ ಅಲುಗಾಡದೆ ಮಲಗುವ ಜಾತಿ, ಗಂಬೂಟು ಅದಕ್ಕೂ ಬೇಕು.

ಗಿಡದ ಬುಡದಲ್ಲಿ ಈ ಮಿಷನ್ ಶತ್ರು. ಇದನ್ನು ಒತ್ತಿ ಹೇಳಬೇಕು. ನೈಲಾನ್ ದಾರ ಮೆತ್ತಗೆ ಕಾಣುತ್ತದೆ, ಆದರೆ ಎರಡು-ಮೂರು ವರ್ಷದ ಮಾವು, ಸಪೋಟ, ದಾಳಿಂಬೆಯ ತೊಗಟೆಯನ್ನು ಎರಡು ಸುತ್ತಿನಲ್ಲಿ ಉಂಗುರದಂತೆ ಸುಲಿಯುತ್ತದೆ. ಎಲೆಯಲ್ಲಿ ತಯಾರಾದ ಆಹಾರ ತೊಗಟೆಯ ಮೂಲಕವೇ ಬೇರಿಗೆ ಇಳಿಯಬೇಕು. ಉಂಗುರ ಪೂರ್ತಿಯಾದರೆ ಬೇರು ಹಸಿದು ಗಿಡ ತಿಂಗಳುಗಳ ಮೇಲೆ ಸಾಯುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಅಡಿಕೆ, ತೆಂಗಿನದು ಇನ್ನೊಂದು ಕಷ್ಟ: ಅವು ಮಾವಿನ ಹಾಗೆ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚಿಕೊಳ್ಳುವುದಿಲ್ಲ. ಇಂದು ಬಿದ್ದ ಪೆಟ್ಟು ಮರ ಇರುವಷ್ಟು ದಿನವೂ ಹಾಗೇ ಉಳಿದು ಕೊಳೆಗೂ ಹುಳಕ್ಕೂ ದಾರಿಯಾಗುತ್ತದೆ. ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರು ಇನ್ನೂ ಹುಷಾರಾಗಿರಬೇಕು, ದುಂಡಾಣು ರೋಗ ಗಾಯದ ಮೂಲಕವೂ ಒಳಹೋಗುತ್ತದೆ, ಮಳೆ ಹನಿಯೊಂದಿಗೆ ಹರಡುತ್ತದೆ. ಎಲೆ ಒದ್ದೆಯಿರುವಾಗ ಆ ತೋಟದಲ್ಲಿ ಮಿಷನ್ ಹಿಡಿಯಬೇಡಿ, ರೋಗ ಇರುವ ತೋಟದಿಂದ ಬಂದ ಮಿಷನ್ ತೊಳೆಯದೆ ಒಳಗೆ ಬಿಡಬೇಡಿ. ಬುಡದ ಸುತ್ತ ಒಂದೂವರೆ ಅಡಿ ಕುಡುಗೋಲಿನಲ್ಲೇ ಕೊಯ್ಯಿರಿ. ಅಥವಾ ಹಳೆಯ ನಾಲ್ಕಿಂಚಿನ ಪಿವಿಸಿ ಪೈಪನ್ನು ಒಂದಡಿ ತುಂಡು ಮಾಡಿ ಉದ್ದಕ್ಕೆ ಸೀಳಿ ಎಳೆ ಗಿಡದ ಬುಡಕ್ಕೆ ತೊಡಿಸಿ.

ಡ್ರಿಪ್ ಪೈಪಿನ ಗೋಳು ಎಲ್ಲರಿಗೂ ಗೊತ್ತು. ಗಿಡದ ಸಾಲಿನುದ್ದಕ್ಕೆ ಹಾಸಿದ 16 ಮಿಲಿಮೀಟರ್ ಸಣ್ಣ ಪೈಪು, ಅಂದರೆ ಲ್ಯಾಟರಲ್, ಹುಲ್ಲಿನಡಿ ಮುಳುಗಿರುತ್ತದೆ, ಬ್ಲೇಡು ತಾಗಿದ್ದೇ ಗೊತ್ತಾಗುವುದಿಲ್ಲ, ಮುಂದಿನ ವಾರ ಕೊನೆಯ ಗಿಡಗಳು ಬಾಡಿದಾಗ ಗೊತ್ತಾಗುತ್ತದೆ. ಹುಲ್ಲು ಹೊಡೆಯುವ ಮುಂಚೆ ಲ್ಯಾಟರಲ್ ಎತ್ತಿ ಗಿಡದ ಸಾಲಿಗೆ ಒತ್ತಿಡಿ. ಆಗದಿದ್ದರೆ ಅರ್ಧ ಗಂಟೆ ಮೊದಲು ನೀರು ಬಿಡಿ, ತೇವದ ಗುರುತಿನಿಂದ ಪೈಪಿನ ದಾರಿ ಕಾಣುತ್ತದೆ. ಹೊಡೆದಾದ ಮೇಲೆ ಮತ್ತೊಮ್ಮೆ ಮೋಟಾರ್ ಹಾಕಿ ಸಾಲು ನಡೆದು ನೋಡಿ. ಜೇಬಿನಲ್ಲಿ ಹತ್ತು ಜಾಯಿನರ್ ಇರಲಿ.

ಕಳೆಗಳಲ್ಲಿ ಎಲ್ಲಕ್ಕೂ ಇದು ಮದ್ದಲ್ಲ. ಕಾಂಗ್ರೆಸ್ ಗಿಡಕ್ಕೆ ಒಳ್ಳೆಯದು, ಆದರೆ ಬಿಳಿ ಹೂವು ಬರುವ ಮುಂಚೆ ಮಾತ್ರ. ಒಂದು ಗಿಡ ಹದಿನೈದು ಸಾವಿರಕ್ಕೂ ಮಿಕ್ಕಿ ಬೀಜ ಬಿಡಬಲ್ಲದು, ಹೂವಾದ ಮೇಲೆ ಹೊಡೆದರೆ ಬಿತ್ತನೆ ಮಾಡಿದಂತೆ. ದಾರದಲ್ಲಿ ಹೊಡೆದರೆ ಅದರ ರಸ, ಪುಡಿ ಮೈಗೆ ಸಿಡಿದು ಕೆಲವರಿಗೆ ಕಜ್ಜಿಯಂತೆ ಏಳುತ್ತದೆ, ಉಬ್ಬಸವೂ ಬರುತ್ತದೆ. ತುಂಬುತೋಳು ಅಂಗಿ, ಮೂಗಿಗೆ ಮಾಸ್ಕು ಹಾಕಿ ಬ್ಲೇಡಿನಲ್ಲೇ ಹೊಡೆಯಿರಿ. ಜೇಕಿಗೆ ಈ ಮಿಷನ್ನಿನಿಂದ ಏನೂ ಆಗದು, ಅದರ ಗಡ್ಡೆ ಮಣ್ಣಿನೊಳಗೆ ಕೂತಿರುತ್ತದೆ, ವಾರದಲ್ಲಿ ಮತ್ತೆ ಮೇಲೆ. ಗರಿಕೆಯೂ ಕತ್ತರಿಸಿದಷ್ಟು ಹಬ್ಬುತ್ತದೆ. ಇವೆರಡಕ್ಕೂ ದಪ್ಪನೆಯ ಮುಚ್ಚಿಗೆ, ನೆರಳು ಕೊಡುವ ಬೆಳೆ, ಅಗೆತವೇ ದಾರಿ.

ಉಳಿದ ಹುಲ್ಲನ್ನು ಎರಡು-ಮೂರು ಇಂಚು ಬಿಟ್ಟು ಹೊಡೆಯಿರಿ, ನೆಲ ಬೋಳಿಸಬೇಡಿ. ಬೇರು ಮಣ್ಣನ್ನು ಹಿಡಿದಿರುತ್ತದೆ, ಸ್ವಾತಿ ಮಳೆ ಜೋರಾಗಿ ಬಂದರೂ ಮೇಲ್ಮಣ್ಣು ಹೋಗುವುದಿಲ್ಲ. ಅಡಿಕೆಯ ಬೇರಿನ ಬಹುಪಾಲು ಬುಡದ ಸುತ್ತ ಮೂರು ಅಡಿಯೊಳಗೆ, ಮೇಲ್ಮಣ್ಣಿನಲ್ಲೇ ಇರುವುದರಿಂದ ಟಿಲ್ಲರ್ ಹೊಡೆದು ಬೇರು ಹರಿಯುವುದಕ್ಕಿಂತ ಹುಲ್ಲು ಕತ್ತರಿಸಿ ಅಲ್ಲೇ ಹಾಸುವುದು ಲೇಸು. ಕತ್ತರಿಸಿದ್ದನ್ನು ಪಾತಿಗೆ ಹಾಕುವಾಗ ಕಾಂಡದಿಂದ ಒಂದು ಗೇಣು ದೂರ ಇಡಿ, ಒತ್ತಿ ಹಾಕಿದರೆ ಗೆದ್ದಲು ಬರುತ್ತದೆ. ಮೃಗಶಿರ ಮುಗಿಯುವ ಹೊತ್ತಿಗೆ ಒಂದು, ಶ್ರಾವಣದಲ್ಲಿ ಒಂದು, ಅಡಿಕೆ ಗೊನೆ ಕೊಯ್ಲಿಗೆ ಮುಂಚೆ ಉದುರಿದ ಕಾಯಿ ಕಾಣುವಂತೆ ಒಂದು: ವರ್ಷಕ್ಕೆ ಮೂರು ಸಲ ಸಾಮಾನ್ಯ ತೋಟಕ್ಕೆ ಸಾಕು.

ಇದರ ಜೊತೆ ಮಾರುವ ಉಳುವ ತಲೆ, ಅಂದರೆ ಸಣ್ಣ ರೋಟರಿ, ನಮಗೆ ಒಪ್ಪಿಗೆಯಿಲ್ಲ. ಮೆತ್ತನೆಯ ಮಸಾರಿಯ ಹೂವಿನ ಮಡಿಯಲ್ಲಿ ಎರಡು ಇಂಚು ಕೆದಕುತ್ತದೆ. ಎರೆಯಲ್ಲಿ ಒದ್ದೆಯಾದರೆ ಮಣ್ಣು ಮೆತ್ತಿ ಉಂಡೆಯಾಗುತ್ತದೆ, ಒಣಗಿದರೆ ನೆಲ ಕಲ್ಲಿನಂತಾಗಿ ತಲೆಯೇ ಮೇಲಕ್ಕೆ ಪುಟಿಯುತ್ತದೆ. ಒಂದು ಕಿಲೋವ್ಯಾಟ್ ಎಂಜಿನ್ನಿಗೆ ಅದು ಮೀರಿದ ಕೆಲಸ, ಕ್ಲಚ್ ಲೈನಿಂಗ್ ಸುಟ್ಟ ವಾಸನೆ ಬರುವುದು ಅದನ್ನು ಹಾಕಿದಾಗಲೇ. ಉಳುಮೆ ಬೇಕಿದ್ದರೆ ಪವರ್ ವೀಡರನ್ನು ಬಾಡಿಗೆಗೆ ತನ್ನಿ, ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ.

ಕೆಡುವುದು ಎಲ್ಲಿ? ಮುಖ್ಯವಾಗಿ ಪೆಟ್ರೋಲಿನಲ್ಲಿ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ನೀರು ಬೇರ್ಪಟ್ಟು ತಳಕ್ಕೆ ಇಳಿಯುತ್ತದೆ, ಕಾರ್ಬ್ಯುರೇಟರಿನ ತೆಳು ಪೊರೆ ಗಟ್ಟಿಯಾಗುತ್ತದೆ, ಒತ್ತುವ ರಬ್ಬರ್ ಗುಳ್ಳೆ ಬಿರಿಯುತ್ತದೆ. ಹಳೆಯ ಕೈಪಿಡಿಗಳಲ್ಲಿ ಶೇ. 10ರವರೆಗೆ ಎಂದೇ ಬರೆದಿದೆ, ನಿಮ್ಮ ಮಿಷನ್ನಿನ ಕೈಪಿಡಿ ಎಷ್ಟು ಹೇಳುತ್ತದೆ ನೋಡಿ ಕೊಳ್ಳಿ. ಏನೇ ಇರಲಿ, ಸಂಜೆ ಕೆಲಸ ಮುಗಿದ ಮೇಲೆ ಉಳಿದ ಪೆಟ್ರೋಲ್ ಕ್ಯಾನಿಗೆ ಸುರಿದು, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಬಿಡಿ. ಎರಡು ವಾರಕ್ಕೊಮ್ಮೆ ತೋಟಕ್ಕೆ ಹೋಗುವವರಿಗೆ ಇದೊಂದೇ ಅಭ್ಯಾಸ ಮುಕ್ಕಾಲು ಪಾಲು ರಿಪೇರಿ ತಪ್ಪಿಸುತ್ತದೆ.

ಎರಡನೆಯದು ದೂಳು. ಚಳ್ಳಕೆರೆಯ ಒಣ ನೆಲದಲ್ಲಿ ಕೈಪಿಡಿಯ 25 ಗಂಟೆಯ ಲೆಕ್ಕ ನಡೆಯುವುದಿಲ್ಲ, ಪ್ರತಿ ದಿನದ ಕೆಲಸದ ಕೊನೆಗೆ ಫಿಲ್ಟರ್ ತೆಗೆದು ನೋಡಿ. ಸ್ಪಂಜನ್ನು ಸೋಪಿನ ನೀರಲ್ಲಿ ಹಿಂಡಿ, ನೆರಳಲ್ಲಿ ಪೂರ್ತಿ ಒಣಗಿಸಿ, ಎರಡು ಹನಿ ಎಂಜಿನ್ ಎಣ್ಣೆ ಸವರಿ ಹಿಂಡಿ ಹಾಕಬೇಕು. ಎಣ್ಣೆ ಹೆಚ್ಚಾದರೆ ಗಾಳಿ ಸಿಗದೆ ಎಂಜಿನ್ ಕೆಮ್ಮುತ್ತದೆ. ಹಾಗೆಯೇ ಸಿಲಿಂಡರಿನ ರೆಕ್ಕೆಗಳ ನಡುವೆ ಒಣಹುಲ್ಲಿನ ಪುಡಿ ತುಂಬಿಕೊಳ್ಳುತ್ತದೆ, ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ತೆಗೆಯದಿದ್ದರೆ ಎಂಜಿನ್ ಕಾಯ್ದು ಶಕ್ತಿ ಇಳಿಯುತ್ತದೆ. ಗೇರ್ ಬಾಕ್ಸಿಗೆ 25 ಗಂಟೆಗೊಮ್ಮೆ ಸ್ಕ್ರೂ ಬಿಚ್ಚಿ ಲಿಥಿಯಂ ಗ್ರೀಸ್ ಸ್ವಲ್ಪ ತುಂಬಿ. ಗಿಡಿದು ತುಂಬಿದರೆ ಬಿಸಿಯಾಗಿ ಸೀಲಿನಿಂದ ಹೊರಬರುತ್ತದೆ.

ಹಗ್ಗ ಎಳೆದರೆ ಸ್ಟಾರ್ಟ್ ಆಗದಿದ್ದಾಗ ಕ್ರಮ ಹೀಗೆ. ಚೋಕ್ ಮುಚ್ಚಿ, ರಬ್ಬರ್ ಗುಳ್ಳೆಯನ್ನು ವಾಪಸ್ ಹೋಗುವ ಪಾರದರ್ಶಕ ಕೊಳವೆಯಲ್ಲಿ ಪೆಟ್ರೋಲ್ ಕಾಣುವವರೆಗೆ ಒತ್ತಿ, ಹಗ್ಗವನ್ನು ಬಿಗಿ ಸಿಗುವವರೆಗೆ ಮೆಲ್ಲಗೆ ಎಳೆದು ಆಮೇಲೆ ಚುರುಕಾಗಿ ಎಳೆಯಿರಿ. ಪೂರ್ತಿ ಕೊನೆವರೆಗೆ ಎಳೆದು ಕೈಬಿಟ್ಟರೆ ಒಳಗಿನ ಸ್ಪ್ರಿಂಗ್ ಮುರಿಯುತ್ತದೆ. ಎಂಜಿನ್ ಹಿಡಿದ ಮೇಲೆ ಚೋಕ್ ನಿಧಾನ ತೆರೆಯಿರಿ. ಚೋಕ್ ಮುಚ್ಚಿಯೇ ಹತ್ತು ಸಲ ಎಳೆದರೆ ಪ್ಲಗ್ ಒದ್ದೆಯಾಗುತ್ತದೆ: ಪ್ಲಗ್ ಬಿಚ್ಚಿ, ಸ್ವಿಚ್ ಆಫ್ ಮಾಡಿ ಐದಾರು ಸಲ ಹಗ್ಗ ಎಳೆದು ಒಳಗಿನ ಪೆಟ್ರೋಲ್ ಹೊರಹಾಕಿ, ಪ್ಲಗ್ ಒಣಗಿಸಿ ಹಾಕಿ. ಪ್ಲಗ್ ಕಂಡಿಯ ಅಂತರ 0.6ರಿಂದ 0.7 ಮಿಲಿಮೀಟರ್. ಆಕ್ಸಿಲರೇಟರ್ ಬಿಟ್ಟರೂ ಬ್ಲೇಡು ತಿರುಗುತ್ತಿದ್ದರೆ ಐಡ್ಲಿಂಗ್ ಹೆಚ್ಚಾಗಿದೆ, ಅಥವಾ ಕ್ಲಚ್ಚಿನ ಸ್ಪ್ರಿಂಗ್ ಮುರಿದಿದೆ. ಐಡ್ಲಿಂಗ್ ಸ್ಕ್ರೂ ಇಳಿಸಿ ನೋಡಿ, ಆಗಲೂ ನಿಲ್ಲದಿದ್ದರೆ ಆ ಮಿಷನ್ ಅವತ್ತು ಬಳಸಬೇಡಿ.

ಟೂ ಸ್ಟ್ರೋಕ್ ಕೊಳ್ಳುವವರಿಗೂ ಕಾರಣಗಳಿವೆ. ಅದೇ ತೂಕಕ್ಕೆ ಹೆಚ್ಚು ಶಕ್ತಿ: ಸ್ಟಿಲ್‌ನ ಎಫ್‌ಎಸ್ 250 ಮಾದರಿ 40.2 ಸಿಸಿಗೆ 1.6 ಕಿಲೋವ್ಯಾಟ್ ಕೊಡುತ್ತದೆ. ಲಂಟಾನ, ಜಾಲಿ ಕಡ್ಡಿ ತುಂಬಿದ ಪಾಳು ಜಮೀನನ್ನು ಹೊಸದಾಗಿ ತೋಟ ಮಾಡುವವರಿಗೆ, ನಾಲ್ಕೈದು ಎಕರೆ ಇರುವವರಿಗೆ ಅಂಥದೇ ಬೇಕು. ಒಳ್ಳೆಯ 2ಟಿ ಎಣ್ಣೆಯಾದರೆ ಲೀಟರಿಗೆ 20 ಮಿಲಿ, ಅಳೆದೇ ಹಾಕಬೇಕು, ಕಣ್ಣಂದಾಜು ಬೇಡ. ಹೆಸರಿಲ್ಲದ 52 ಸಿಸಿ ಮಿಷನ್‌ಗಳು ಇದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ, ವರ್ಷಕ್ಕೆ ಹತ್ತು ದಿನ ಬಳಸುವವರಿಗೆ ಅದೂ ನಡೆಯುತ್ತದೆ. ಅದರ ಬಿಡಿಭಾಗ ಊರಲ್ಲಿ ಸಿಗುವುದೇ ಎನ್ನುವುದೊಂದನ್ನು ಮೊದಲು ಕೇಳಿ. ಬ್ಯಾಟರಿಯವು ಮನೆ ಹಿತ್ತಲಿಗೆ ಚೆನ್ನ, ಒಂದು ಎಕರೆಗೆ ಅಲ್ಲ.

ಕೊಳ್ಳುವ ದಿನ ಅಂಗಡಿಯವರ ಮುಂದೆಯೇ ಕೆಲವನ್ನು ಮಾಡಿಸಿ. ಬ್ಲೇಡು ಬಿಚ್ಚಿ ಕಟ್ಟುವುದು, ದಾರ ಸುತ್ತುವುದು, ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವುದು. ಎಂಜಿನ್ ನಂಬರ್ ಬಿಲ್ಲಿನಲ್ಲಿ ಬರೆಸಿ. ಜಿಎಕ್ಸ್35ನ್ನು ಹೋಲುವ ಆಕಾರದ ಬೇರೆ ಎಂಜಿನ್‌ಗಳೂ ಮಾರುಕಟ್ಟೆಯಲ್ಲಿವೆ, ನಂಬರ್ ನೋಡಿದರೆ ಮಾತ್ರ ಗೊತ್ತಾಗುವುದು. ಏರ್ ಫಿಲ್ಟರ್, ಪ್ಲಗ್, ಸ್ಟಾರ್ಟರ್ ಹಗ್ಗ, ಕ್ಲಚ್ ಶೂ ಈ ನಾಲ್ಕು ಅವರ ಕಪಾಟಿನಲ್ಲಿ ಇದೆಯೇ ಕಣ್ಣಾರೆ ನೋಡಿ. ಇಲ್ಲದಿದ್ದರೆ ಇನ್ನೊಂದು ಅಂಗಡಿ ಹುಡುಕಿ, ಸಾವಿರ ರೂಪಾಯಿ ಹೆಚ್ಚಾದರೂ ಸರಿ.

ಸಹಾಯಧನ ಬೇಕಿದ್ದರೆ ಕೊಳ್ಳುವ ಮುಂಚೆಯೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90ರವರೆಗೆ ಸಿಗುತ್ತದೆ, ಇಲಾಖೆಯ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ, ಆ ವರ್ಷದ ಅನುದಾನ ಇರುವವರೆಗೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಸರ್ಕಾರದ ರೈತ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಪಹಣಿ ಇನ್ನೂ ತಂದೆಯ ಹೆಸರಿನಲ್ಲೇ ಇದ್ದರೆ ಅರ್ಜಿಯೂ ಅವರ ಹೆಸರಿನಲ್ಲೇ ಹೋಗಬೇಕು, ಪೇಟೆಯಲ್ಲಿರುವ ಮಗ ಬಿಲ್ಲನ್ನು ತನ್ನ ಹೆಸರಿಗೆ ಮಾಡಿಸಿಕೊಂಡು ಬಂದರೆ ಅದು ಹೊಂದುವುದಿಲ್ಲ.